ಎಕ್ಸರೇ ಕೋಣೆಗೆ ಮಗುವಿನೊಡನೆ ಹೋಗುವಾಗ

ಸೋದರಿಯರೇ, ಈ ಸಲ ಅಡಿಗೆಮನೆ ಬಿಟ್ಟು ನಿಮ್ಮನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ, ಬೇಸರಪಡಬೇಡಿ. ನಮ್ಮ ಬಳ್ಳಾರಿಯ ಕೌಲ್ ಬಜಾರಿನ ಕಡೆ ಜೀನ್ಸ್ ಹೊಲಿಯುವ ಮನೆಗಳು ಬಹಳ. ನನ್ನ ತಂಗಿಯ ಮನೆಯಲ್ಲೂ ಎರಡು ಮಷೀನುಗಳಿವೆ. ಹೋದ ತಿಂಗಳು ಅವಳ ಮೂರು ವರ್ಷದ ಮಗ ಪ್ಯಾಂಟಿಗೆ ಹಚ್ಚುವ ಲೋಹದ ಗುಂಡಿ ನುಂಗಿಬಿಟ್ಟ. ಆಟೋ ಹಿಡಿದು ಓಡಿದೆವು. ಡಾಕ್ಟರು ಎಕ್ಸರೇ ತೆಗೆಸಿರಿ ಅಂದರು.

ಮಗುವನ್ನು ಹಿಡಿದುಕೊಳ್ಳಲು ತಾಯಿ ಒಳಗೆ ಬರಲಿ ಎಂದು ಕರೆದರು. ತಂಗಿ ನನ್ನ ಸೆರಗು ಜಗ್ಗಿದಳು. "ಅಕ್ಕಾ, ನನಗ ಎರಡು ತಿಂಗಳು. ಇನ್ನಾ ಯಾರಿಗೂ ಹೇಳಿಲ್ಲ." ಹಿಂದೊಮ್ಮೆ ನಿಲ್ಲದೆ ಹೋಗಿದ್ದರಿಂದ ಮೂರು ತುಂಬುವ ತನಕ ಬಾಯಿ ಬಿಡಬಾರದೆಂದಿದ್ದಳು ಪಾಪ. ಪಕ್ಕದಲ್ಲೇ ಅವಳ ಅತ್ತೆ ನಿಂತಿದ್ದರು! ಗರ್ಭಿಣಿಯರು ಮೊದಲೇ ತಿಳಿಸಬೇಕೆಂಬ ಫಲಕ ಗೋಡೆಯ ಮೇಲಿತ್ತು, ಆದರೆ ಒಬ್ಬರೂ ಬಾಯಿಬಿಟ್ಟು ಕೇಳಲಿಲ್ಲ. "ಇವ ನನ್ನ ಮಾತು ಕೇಳ್ತಾನ, ನಾ ಹಿಡಕೋತೀನಿ" ಎಂದು ನಾನೇ ಒಳಗೆ ನಡೆದೆ.

ನಿಮ್ಮಲ್ಲಿ ಯಾರಿಗಾದರೂ ದಿನ ತಪ್ಪಿ ಅನುಮಾನವಿದ್ದರೂ ಸಾಕು, ಮಗುವನ್ನು ಹಿಡಿಯಲು ಬೇರೆಯವರನ್ನು ಕಳಿಸಿರಿ. ಎಲ್ಲರೆದುರು ಹೇಳಲು ಸಂಕೋಚವಾದರೆ ಎಕ್ಸರೇ ತೆಗೆಯುವವರ ಕಿವಿಯಲ್ಲಿ ಹೇಳಿರಿ.

ಒಳಗೆ ಹೋದರೆ, ಸೀಸದ ಏಪ್ರನ್ನನ್ನು ಕುರ್ಚಿಯ ಮೇಲೆ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆ ಎಲ್ಲಿ ಸೀಳುತ್ತದೆ ಹೇಳಿರಿ? ಮಡಿಕೆಯಲ್ಲೇ ಅಲ್ಲವೇ. ಇದೂ ಹಾಗೆಯೇ. ಮಡಚಿದಲ್ಲಿ ಒಳಗಿನ ಪದರ ಬಿರುಕು ಬಿಟ್ಟರೆ ಕಿರಣಗಳು ಅಲ್ಲಿಂದ ನುಸುಳುತ್ತವೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಅದನ್ನು ಕೋಲಿಗೆ ತೂಗುಹಾಕಬೇಕು, ನೀರಿನಲ್ಲಿ ನೆನೆಸದೆ ಸೋಪುನೀರಿನ ಬಟ್ಟೆಯಿಂದ ಒರೆಸಬೇಕು. ಬೇರೊಂದು ಇದೆಯೇ ಎಂದು ಕೇಳಿದೆ. ಮುಖ ಸಿಂಡರಿಸಿದರೂ ಕೊಟ್ಟರು. ಮಗು ಮಲಗುವ ಹಲಗೆಯನ್ನೂ ಒರೆಸಿಕೊಡಿ ಎಂದೆ. ಹಿಂದಿನ ರೋಗಿಯ ಕೆಮ್ಮು, ಬೆವರು ಅದರ ಮೇಲಿರುತ್ತದಲ್ಲ! ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿದರಾಯಿತು, ನಿಮಿಷದ ಕೆಲಸ. ಯಂತ್ರದ ಮೇಲೆ ಮಾತ್ರ ನೇರವಾಗಿ ಏನನ್ನೂ ಚಿಮುಕಿಸಬಾರದು.

1895ರಲ್ಲಿ ಜರ್ಮನಿಯ ರಾಂಟ್ಜೆನ್ ಎಂಬ ವಿಜ್ಞಾನಿ ಈ ಕಿರಣಗಳನ್ನು ಕಂಡುಹಿಡಿದಾಗ ತೆಗೆದ ಹೆಸರುವಾಸಿ ಚಿತ್ರ ಅವನ ಹೆಂಡತಿಯ ಕೈಯದು. ಮೂಳೆಗಳ ಜೊತೆ ಬೆರಳಿನ ಉಂಗುರವೂ ಅದರಲ್ಲಿ ಎದ್ದು ಕಾಣುತ್ತದೆ. ನಮ್ಮ ಹುಡುಗನ ಗುಂಡಿ ಕಾಣಿಸಿದ್ದೂ ಹೀಗೆಯೇ. ಆದ್ದರಿಂದ ಬೆಳ್ಳಿ ಉಡಿದಾರ, ತಾಯತ, ಸರ ಎಲ್ಲವನ್ನೂ ಹೊರಗೇ ಬಿಚ್ಚಿರಿ. ಇಲ್ಲದಿದ್ದರೆ ಚಿತ್ರ ಕೆಟ್ಟು ಎರಡನೇ ಸಲ ತೆಗೆಯಬೇಕಾಗುತ್ತದೆ. ಮಗು ಅಲುಗಾಡಿದರೂ ಅಷ್ಟೇ. ನಾನು ಭುಜ ಒತ್ತಿ ಹಿಡಿದು, "ಕಾಗಿ ಎಲ್ಲೈತಿ ನೋಡು" ಎಂದೆ, ಕಲ್ಲಿನಂತೆ ನಿಂತ! ಹಿಡಿಯುವಾಗ ಮಗುವಿನ ಮೇಲೆ ಬೀಳುವ ಬೆಳಕಿನ ಚೌಕದೊಳಗೆ ನಿಮ್ಮ ಕೈ ಬರದಿರಲಿ.

ಹಾಗೆಂದು ಹೆದರಿ ಎಕ್ಸರೇ ಬೇಡವೆನ್ನಬೇಡಿ. ದೊಡ್ಡವರ ಎದೆಯ ಒಂದು ಎಕ್ಸರೇಗೆ ತಗಲುವುದು ಸುಮಾರು 0.1 ಮಿಲಿಸೀವರ್ಟ್. ಮಣ್ಣು, ಗೋಡೆ, ಆಕಾಶದಿಂದ ಹತ್ತು-ಹದಿನೈದು ದಿನಗಳಲ್ಲಿ ನಮಗೆ ತಾನಾಗಿಯೇ ತಗಲುವಷ್ಟು. ಸಿ.ಟಿ. ಸ್ಕ್ಯಾನಿಗೆ ಇದರ ಎಷ್ಟೋ ಪಟ್ಟು ಹೆಚ್ಚು, ಅದನ್ನು ಡಾಕ್ಟರು ಹೇಳದೆ ನಾವಾಗಿ ಕೇಳಬಾರದು. ಯಂತ್ರ ನಿಂತ ಮೇಲೆ ಕೋಣೆಯಲ್ಲಾಗಲಿ, ಮೈಯಲ್ಲಾಗಲಿ, ತಾಯಿಯ ಹಾಲಿನಲ್ಲಾಗಲಿ ಕಿರಣ ಉಳಿಯುವುದಿಲ್ಲ. ಬಾಣಂತಿಯರು ಧೈರ್ಯವಾಗಿ ಮೊಲೆಯೂಡಿಸಬಹುದು. ಪರವಾನಗಿ ಇದೆಯೇ ಎಂದು ಕೇಳುವುದೂ ತಪ್ಪಲ್ಲ. ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇಲ್ಲದೆ ಯಾರೂ ಎಕ್ಸರೇ ಯಂತ್ರ ನಡೆಸುವಂತಿಲ್ಲ.

ಗುಂಡಿ ಹೊಟ್ಟೆಗೆ ಇಳಿದಿತ್ತು. ತಾನೇ ಬರುತ್ತದೆ, ನೋಡುತ್ತಿರಿ ಎಂದರು ಡಾಕ್ಟರು. (ಗಡಿಯಾರ, ಆಟಿಕೆಗಳ ಗುಂಡಿಯಂಥ ಬ್ಯಾಟರಿಯಾದರೆ ಹೀಗೆ ಕಾಯುವಂತಿಲ್ಲ. ಗಂಟಲಲ್ಲಿ ಸಿಕ್ಕರೆ ಎರಡು ಗಂಟೆಯೊಳಗೇ ಸುಟ್ಟು ಗಾಯ ಮಾಡುತ್ತದೆ.) ಮೂರನೇ ದಿನ ಬೆಳಿಗ್ಗೆ ಗುಂಡಿ ಹೊರಬಿತ್ತು. ಅಂದು ಸಂಜೆ ಅತ್ತೆ ತಂಗಿಗೆ ಹುಣಸೆಕಾಯಿ ತಂದುಕೊಟ್ಟು, "ನನಗ ಅವತ್ತೇ ತಿಳೀತವ್ವಾ" ಅಂದರಂತೆ. ಗುಂಡಿಗಳ ಡಬ್ಬಿ ಈಗ ಅಟ್ಟದ ಮೇಲಿದೆ.