ಕ್ಯೂಬಾದ ವೈದ್ಯರು ಯಾರ ಸೊತ್ತು?

2005ರ ಅಕ್ಟೋಬರ್‌ನಲ್ಲಿ ಪಾಕಿಸ್ತಾನದ ಹಿಡಿತದಲ್ಲಿರುವ ಕಾಶ್ಮೀರ ಭೂಕಂಪಕ್ಕೆ ತತ್ತರಿಸಿದಾಗ ಕ್ಯೂಬಾ ಎರಡು ಸಾವಿರಕ್ಕೂ ಹೆಚ್ಚು ಆರೋಗ್ಯ ಸಿಬ್ಬಂದಿಯನ್ನು ಕಳಿಸಿತು. ಹಿಮ ಬೀಳದ ದ್ವೀಪದಿಂದ ಬಂದವರು ಚಳಿಗಾಲವಿಡೀ ಗುಡ್ಡಗಳ ನಡುವೆ ಡೇರೆ ಆಸ್ಪತ್ರೆಗಳನ್ನು ನಡೆಸಿದರು. ತಂಡದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಹಿಳೆಯರಿದ್ದರು. ಗಂಡು ಡಾಕ್ಟರಿಗೆ ಮೈ ತೋರಿಸಲು ಹಿಂಜರಿಯುತ್ತಿದ್ದ ಹಳ್ಳಿಯ ಹೆಣ್ಣುಮಕ್ಕಳಿಗೆ ಇದರಿಂದ ಚಿಕಿತ್ಸೆ ದಕ್ಕಿತು. ಆಗ ಇಸ್ಲಾಮಾಬಾದ್‌ನಲ್ಲಿ ಕ್ಯೂಬಾದ ರಾಯಭಾರ ಕಚೇರಿಯೇ ಇರಲಿಲ್ಲ, ಮರುವರ್ಷ ತೆರೆಯಿತು.

ವೈದ್ಯರ ಬೆನ್ನಿಗೇ ರಾಯಭಾರಿ ಬಂದರೆಂದು ಆ ಚಿಕಿತ್ಸೆ ಸುಳ್ಳಾಗುವುದಿಲ್ಲ. 1938ರಲ್ಲಿ ಭಾರತದ ಕಾಂಗ್ರೆಸ್ ಚೀನಾಕ್ಕೆ ಐವರು ವೈದ್ಯರನ್ನು ಕಳಿಸಿದ್ದೂ ಜಪಾನಿನ ದಾಳಿಯ ವಿರುದ್ಧ ತಳೆದ ರಾಜಕೀಯ ನಿಲುವಿನಿಂದಲೇ. ಅವರಲ್ಲೊಬ್ಬರಾದ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಅಲ್ಲೇ ದುಡಿಯುತ್ತ 1942ರಲ್ಲಿ ತೀರಿಕೊಂಡರು. ನೆರವಿನಲ್ಲಿ ರಾಜಕಾರಣ ಇದ್ದೇ ಇರುತ್ತದೆ. ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು ಕೇಳಬೇಕು.

ಕ್ರಾಂತಿಯ ನಂತರ ಕ್ಯೂಬಾದ ಸುಮಾರು ಆರು ಸಾವಿರ ವೈದ್ಯರಲ್ಲಿ ಅರ್ಧದಷ್ಟು ಮಂದಿ ದೇಶ ಬಿಟ್ಟಿದ್ದರು. ಅಂಥ ಕೊರತೆಯಲ್ಲೂ 1963ರಲ್ಲಿ ಅದು ಹೊಸದಾಗಿ ಸ್ವತಂತ್ರವಾದ ಅಲ್ಜೀರಿಯಾಕ್ಕೆ ತಂಡ ಕಳಿಸಿತು. ಕ್ರಮೇಣ ಲೆಕ್ಕಾಚಾರ ಬದಲಾಯಿತು. 2003ರಿಂದ ವೆನೆಜುವೆಲಾದ ಬಡ ಬಡಾವಣೆಗಳಿಗೆ ಸಾವಿರಾರು ವೈದ್ಯರು ಹೋದರು, ಅಲ್ಲಿಂದ ಅಗ್ಗದ ತೈಲ ಬಂತು. ವೈದ್ಯಕೀಯ ಸೇವೆ ಕ್ಯೂಬಾದ ಅತಿ ದೊಡ್ಡ ವಿದೇಶಿ ವಿನಿಮಯದ ಮೂಲಗಳಲ್ಲಿ ಒಂದಾಯಿತು.

ವಿವಾದದ ಬೇರು ಇಲ್ಲಿದೆ. 2013ರಲ್ಲಿ ಬ್ರೆಜಿಲ್ ಆರಂಭಿಸಿದ ‘ಮೈಸ್ ಮೆಡಿಕೋಸ್’ ಯೋಜನೆಯಲ್ಲಿ ಪ್ರತಿ ವೈದ್ಯರಿಗೆ ತಿಂಗಳಿಗೆ 10,000 ರಿಯಲ್ ನಿಗದಿಯಾಗಿತ್ತು. ಬೇರೆಯವರಿಗೆ ಅದು ನೇರವಾಗಿ ಸಿಗುತ್ತಿತ್ತು. ಕ್ಯೂಬಾದವರ ಹಣ ಮಾತ್ರ ಪ್ಯಾನ್ ಅಮೆರಿಕನ್ ಆರೋಗ್ಯ ಸಂಸ್ಥೆಯ ಮೂಲಕ ಹವಾನಾಕ್ಕೆ ಹೋಗಿ, ವೈದ್ಯರ ಕೈಗೆ ಸುಮಾರು ಕಾಲು ಭಾಗವಷ್ಟೇ ಬರುತ್ತಿತ್ತು. ಸರ್ಕಾರ ತನ್ನ ಖರ್ಚಿನಲ್ಲಿ ಓದಿಸಿದೆ, ಉಳಿದ ಹಣದಿಂದ ಊರಿನ ಆಸ್ಪತ್ರೆಗಳು ನಡೆಯುತ್ತವೆ ಎಂಬ ಕ್ಯೂಬಾದ ವಾದ ಪೊಳ್ಳಲ್ಲ. ಆದರೆ ಕೆಲಸ ಬಿಟ್ಟು ಹೋದವರು ಎಂಟು ವರ್ಷ ತಾಯ್ನಾಡಿಗೆ ಮರಳುವಂತಿಲ್ಲ ಎಂಬ ನಿಯಮವನ್ನು ಯಾವ ಶಿಕ್ಷಣದ ಋಣವೂ ಸಮರ್ಥಿಸಲಾರದು. ಮಕ್ಕಳ ಮುಖ ನೋಡಬೇಕೆಂದರೆ ಕರಾರಿಗೆ ಕಟ್ಟುಬಿದ್ದಿರಬೇಕು ಎನ್ನುವುದು ಶಿಕ್ಷೆಯೇ.

ಅಮೆರಿಕದ ನಡೆಯಲ್ಲೂ ರೋಗಿಯ ಕಾಳಜಿ ಕಾಣುವುದಿಲ್ಲ. ವಿದೇಶದಲ್ಲಿರುವ ಕ್ಯೂಬಾದ ವೈದ್ಯರನ್ನು ತನ್ನತ್ತ ಸೆಳೆಯಲು 2006ರಿಂದ 2017ರವರೆಗೆ ಅದು ವಿಶೇಷ ಯೋಜನೆಯನ್ನೇ ನಡೆಸಿತು. 2025ರಲ್ಲಿ, ಈ ತಂಡಗಳಿಗೆ ಸಂಬಂಧಿಸಿದ ಅಧಿಕಾರಿಗಳಿಗೆ ವೀಸಾ ನಿರ್ಬಂಧವನ್ನು ವಿಸ್ತರಿಸಿತು. ಕ್ಯೂಬಾದ ವೈದ್ಯರನ್ನು ನೆಚ್ಚಿಕೊಂಡ ಕೆರಿಬಿಯನ್ ದೇಶಗಳ ನಾಯಕರು ಬಹಿರಂಗವಾಗಿ ಪ್ರತಿಭಟಿಸಿದರು. ಇದಕ್ಕಾಗಿ ತನ್ನ ಅಮೆರಿಕದ ವೀಸಾ ಹೋದರೂ ಸರಿ ಎಂದು ಬಾರ್ಬಡೋಸ್ ಪ್ರಧಾನಿ ಮಿಯಾ ಮಾಟ್ಲಿ ಹೇಳಿದರು.

ವೈದ್ಯರು ಹೊರಟುಹೋದರೆ ಏನು ಗತಿ ಎಂಬ ಆ ನಾಯಕರ ಆತಂಕಕ್ಕೆ ಬ್ರೆಜಿಲ್‌ನ ಅನುಭವವೇ ಸಾಕ್ಷಿ. ವೈದ್ಯರಿಗೆ ಪೂರ್ತಿ ಸಂಬಳ ಕೊಡಿ, ಕುಟುಂಬವನ್ನು ಕರೆತರಲು ಬಿಡಿ, ಪದವಿಯ ಪರೀಕ್ಷೆಯಾಗಲಿ ಎಂದು 2018ರಲ್ಲಿ ಅಲ್ಲಿ ಅಧ್ಯಕ್ಷರಾಗಿ ಆಯ್ಕೆಯಾಗಿದ್ದ ಬೊಲ್ಸೊನಾರೊ ಷರತ್ತು ಹಾಕಿದರು. ಕ್ಯೂಬಾ ಎಂಟು ಸಾವಿರಕ್ಕೂ ಹೆಚ್ಚು ವೈದ್ಯರನ್ನು ವಾಪಸ್ ಕರೆಸಿಕೊಂಡಿತು. ಷರತ್ತುಗಳಲ್ಲಿ ನ್ಯಾಯವಿತ್ತು, ಬದಲಿ ವ್ಯವಸ್ಥೆ ಇರಲಿಲ್ಲ. ಮೂಲನಿವಾಸಿಗಳ ಪ್ರದೇಶಗಳ ವೈದ್ಯರಲ್ಲಿ ಬಹುಪಾಲು ಕ್ಯೂಬಾದವರೇ ಇದ್ದುದರಿಂದ ಪೆಟ್ಟು ಮೊದಲು ಬಿದ್ದದ್ದು ಅಲ್ಲಿಗೆ.

ಹಾಗಾಗಿ ತಂಡಗಳನ್ನು ನಿಲ್ಲಿಸುವ ಬದಲು ಕರಾರನ್ನು ತಿದ್ದಬೇಕು. ಸಂಬಳ ವೈದ್ಯರ ಖಾತೆಗೇ ಬರಲಿ, ತರಬೇತಿಯ ವೆಚ್ಚವಾಗಿ ಕ್ಯೂಬಾಕ್ಕೆ ಸಲ್ಲುವ ಪಾಲು ಬೇರೆಯಾಗಿ, ಬಹಿರಂಗವಾಗಿ ನಮೂದಾಗಲಿ. ಪಾಸ್‌ಪೋರ್ಟ್ ವೈದ್ಯರ ಬಳಿಯೇ ಇರಲಿ, ಕೆಲಸ ಬಿಟ್ಟವರಿಗೂ ಊರಿನ ಬಾಗಿಲು ತೆರೆದಿರಲಿ. ಇದನ್ನು ಕೇಳುವ ಶಕ್ತಿ ವೈದ್ಯರನ್ನು ಕರೆಸಿಕೊಳ್ಳುವ ದೇಶಗಳಿಗಿದೆ, ಏಕೆಂದರೆ ಹಣ ಅವರದು. ಒಂಟಿಯಾಗಿ ಕೇಳಿದ ಪುಟ್ಟ ದ್ವೀಪರಾಷ್ಟ್ರ ಮರುದಿನವೇ ವೈದ್ಯರನ್ನು ಕಳೆದುಕೊಳ್ಳಬಹುದು. ಕೆರಿಬಿಯನ್ ದೇಶಗಳು ಒಟ್ಟಾಗಿ ಕೇಳಿದರೆ ಹವಾನಾಕ್ಕೆ ತಳ್ಳಿಹಾಕುವುದು ಕಷ್ಟ.