ಶಾಂತಿಗೆಂದು ಮಾರಿದ ಸರಕು ಬಾಂಬಿಗೆ ಒದಗಿದ ಬಗೆ

ಅಣುಶಕ್ತಿಯ ವ್ಯಾಪಾರದಲ್ಲಿ ಒಂದು ತೊಡಕು ಮೊದಲಿನಿಂದಲೂ ಇದೆ. ವಿದ್ಯುತ್ತಿಗೆ, ಸಂಶೋಧನೆಗೆ, ವೈದ್ಯಕೀಯಕ್ಕೆ ಎಂದು ಕೊಟ್ಟ ಯಂತ್ರವೇ ಬಾಂಬಿನ ಕಚ್ಚಾ ವಸ್ತುವನ್ನೂ ತಯಾರಿಸಬಲ್ಲದು. ಮಾರುವವನಿಗೆ ಇದು ಗೊತ್ತು, ಕೊಳ್ಳುವವನಿಗೂ ಗೊತ್ತು. ನಡುವೆ ಇರುವುದು ಒಂದು ಕರಾರು ಪತ್ರ ಮಾತ್ರ.

ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಾಗಿಲ್ಲ, ನಮ್ಮ ದೇಶವೇ ಇದೆ. 1953ರ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ವಿಶ್ವಸಂಸ್ಥೆಯಲ್ಲಿ ‘ಶಾಂತಿಗಾಗಿ ಅಣು’ ಎಂಬ ಯೋಜನೆಯನ್ನು ಸಾರಿದರು. 1956ರಲ್ಲಿ ಕೆನಡಾ ಮುಂಬಯಿಯ ಟ್ರಾಂಬೆಗೆ 40 ಮೆಗಾವಾಟ್ ಶಾಖ ಸಾಮರ್ಥ್ಯದ ಸಂಶೋಧನಾ ರಿಯಾಕ್ಟರ್ ಕೊಡಲು ಒಪ್ಪಿತು. ಅದಕ್ಕೆ ಬೇಕಾದ ಭಾರಜಲವನ್ನು ಅಮೆರಿಕ ಕೊಟ್ಟಿತು. ಅದೇ ‘ಸೈರಸ್’. 1960ರಲ್ಲಿ ಅದು ಚಾಲನೆಗೊಂಡಿತು. ಶಾಂತಿಯುತ ಉದ್ದೇಶಕ್ಕೆ ಮಾತ್ರ ಬಳಸಬೇಕೆಂಬ ಮಾತು ಒಪ್ಪಂದದಲ್ಲಿತ್ತು. ಆದರೆ ಒಳಗೆ ಬಂದು ಲೆಕ್ಕ ನೋಡುವವರು ಯಾರೂ ಇರಲಿಲ್ಲ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಹುಟ್ಟಿದ್ದೇ 1957ರಲ್ಲಿ.

ಕೆಲಸ ನಡೆಯುವ ರೀತಿ ಹೀಗೆ: ಸಾಮಾನ್ಯ ಯುರೇನಿಯಂ ಸರಳುಗಳು ರಿಯಾಕ್ಟರಿನಲ್ಲಿ ಉರಿಯುವಾಗ ಅದರ ಒಂದು ಪಾಲು ಪ್ಲುಟೋನಿಯಂ ಆಗುತ್ತದೆ. ಸರಳುಗಳನ್ನು ಬೇಗನೆ ಹೊರತೆಗೆದು ರಾಸಾಯನಿಕವಾಗಿ ಬೇರ್ಪಡಿಸಿದರೆ ಬಾಂಬಿಗೆ ತಕ್ಕ ಪ್ಲುಟೋನಿಯಂ ಕೈಗೆ ಬರುತ್ತದೆ. ಬೇರ್ಪಡಿಸುವ ಘಟಕವನ್ನು ಭಾರತ ಟ್ರಾಂಬೆಯಲ್ಲೇ ಕಟ್ಟಿಕೊಂಡಿತ್ತು.

1971ರಲ್ಲಿ ಕೆನಡಾದ ಪ್ರಧಾನಿ ಪಿಯರ್ ಟ್ರೂಡೊ ಅವರಿಗೆ ಅನುಮಾನ ಬಂದು, ಸ್ಫೋಟಕ್ಕೆ ಬಳಸಿದರೆ ಸಹಕಾರವನ್ನು ಮರುಪರಿಶೀಲಿಸಬೇಕಾದೀತು ಎಂದು ಇಂದಿರಾ ಗಾಂಧಿಯವರಿಗೆ ಪತ್ರ ಬರೆದರು. ಸರಕು ಕೈಬಿಟ್ಟು ಹತ್ತು ವರ್ಷವಾದ ಮೇಲೆ ಷರತ್ತು ನೆನಪಿಸಿದಂತಾಯಿತು. 1974ರ ಮೇ 18ರಂದು ಪೋಖ್ರಾನಿನಲ್ಲಿ ಸ್ಫೋಟ ನಡೆಯಿತು. ಪ್ಲುಟೋನಿಯಂ ಸೈರಸ್‌ನದು. ಇದು ‘ಶಾಂತಿಯುತ ಅಣು ಸ್ಫೋಟ’, ಆದ್ದರಿಂದ ಮಾತು ಮುರಿದಿಲ್ಲ ಎಂದಿತು ಭಾರತ. ಅಕ್ಷರಕ್ಕೆ ಅಕ್ಷರ ಹಿಡಿದರೆ ವಾದ ಗಟ್ಟಿಯಿರಬಹುದು. ಕೊಟ್ಟವರು ಆ ಅರ್ಥದಲ್ಲಿ ಕೊಟ್ಟಿರಲಿಲ್ಲ ಎಂಬುದೂ ನಿಜ. ಚೀನಾ 1964ರಲ್ಲೇ ಬಾಂಬ್ ಸಿಡಿಸಿತ್ತು ಎಂಬುದನ್ನೂ ಮರೆಯುವಂತಿಲ್ಲ. ಕೆನಡಾ ಸಹಕಾರ ನಿಲ್ಲಿಸಿತು. ಇದಾದ ಮೇಲೆಯೇ ಮಾರುವ ದೇಶಗಳೆಲ್ಲ ಕೂಡಿ ಅಣು ಪೂರೈಕೆದಾರರ ಗುಂಪು ಕಟ್ಟಿಕೊಂಡದ್ದು.

ಇನ್ನೊಂದು ದಾರಿ ಯುರೇನಿಯಂ ಸಂವರ್ಧನೆ. ವಿದ್ಯುತ್ ರಿಯಾಕ್ಟರಿಗೆ ಶೇಕಡಾ 3ರಿಂದ 5ರಷ್ಟು ಸಾಕು, ಬಾಂಬಿಗೆ ಸುಮಾರು 90 ಬೇಕು. ಯಂತ್ರ ಮಾತ್ರ ಅದೇ ಸೆಂಟ್ರಿಫ್ಯೂಜ್. ನೆದರ್ಲೆಂಡ್ಸ್‌ನಲ್ಲಿ ವಿದ್ಯುತ್ತಿನ ಇಂಧನಕ್ಕಾಗಿ ರೂಪಿಸಿದ ಆ ಯಂತ್ರದ ವಿವರಗಳನ್ನು ಅಲ್ಲಿ ಕೆಲಸಕ್ಕಿದ್ದ ಎ.ಕ್ಯೂ. ಖಾನ್ 1975ರ ಕೊನೆಗೆ ಪಾಕಿಸ್ತಾನಕ್ಕೆ ಒಯ್ದರು. ಬಿಡಿಭಾಗಗಳನ್ನು ಯೂರೋಪಿನ ಕಂಪನಿಗಳಿಂದಲೇ ಕೊಂಡರು. ಮುಂದೆ ಖಾನರ ಜಾಲವೇ ಇರಾನ್, ಲಿಬಿಯಾ, ಉತ್ತರ ಕೊರಿಯಾಗಳಿಗೆ ಮಾರಾಟಗಾರನಾಯಿತು. 2003ರಲ್ಲಿ ಲಿಬಿಯಾಕ್ಕೆ ಹೊರಟ ಹಡಗೊಂದರಲ್ಲಿ ಭಾಗಗಳು ಸಿಕ್ಕಿಬಿದ್ದಾಗ ಜಾಲ ಬಯಲಾಯಿತು.

ಹಾಗೆಂದು ಮಾರಾಟವೆಲ್ಲ ಬಾಂಬಿಗೇ ಹೋಗುತ್ತದೆ ಎನ್ನುವುದು ಸರಿಯಲ್ಲ. ಜಪಾನ್, ದಕ್ಷಿಣ ಕೊರಿಯಾ ಹೊರಗಿನ ತಂತ್ರಜ್ಞಾನ ಪಡೆದೂ ಬಾಂಬ್ ಮಾಡಿಲ್ಲ. ಇರಾನಿನ ಬುಶೆಹರ್ ಸ್ಥಾವರಕ್ಕೆ ಇಂಧನ ಕೊಡುವಾಗ, ಉರಿದ ಸರಳುಗಳನ್ನು ವಾಪಸು ಕೊಡಬೇಕೆಂದು ರಷ್ಯಾ ಷರತ್ತು ಹಾಕಿತು. ಮಾರುವ ಮೊದಲೇ ಹಾಕಿದ ಇಂಥ ಷರತ್ತಿಗೆ ಬೆಲೆಯುಂಟು.

ಭಾರತಕ್ಕೆ 2008ರಲ್ಲಿ ಅದೇ ಪೂರೈಕೆದಾರರ ಗುಂಪು ವಿನಾಯಿತಿ ಕೊಟ್ಟಿತು. ಪ್ರತಿಯಾಗಿ ಭಾರತ 14 ವಿದ್ಯುತ್ ರಿಯಾಕ್ಟರುಗಳನ್ನು ತಪಾಸಣೆಗೆ ಒಪ್ಪಿಸಿತು, ಸೈರಸ್ ಅನ್ನು 2010ರ ಕೊನೆಯಲ್ಲಿ ಮುಚ್ಚಿತು. ಉತ್ತರ ಕನ್ನಡದ ಕೈಗಾದ ನಾಲ್ಕು ಘಟಕಗಳು, ಕೆನಡಾ ಮಾದರಿಯಿಂದಲೇ ಬೆಳೆಸಿದಂಥವು, ಆ ಪಟ್ಟಿಯಲ್ಲಿ ಇಲ್ಲ.