ವಿರಾಮದ ಪುಟ: ಸುಳಿವಿನ ಸತ್ಯ

ಪದಬಂಧವನ್ನು ಬಿಡಿಸುವ ಅಭ್ಯಾಸವು ಅನೇಕ ಸಂಸಾರಗಳಲ್ಲಿ ಬೇರೂರಿರುವುದು. ಕೊಟ್ಟ ಅರ್ಥಕ್ಕೆ ತಕ್ಕ ಪದವನ್ನು ನೆನೆದು, ಒಂದೊಂದು ಮನೆಗೆ ಒಂದೊಂದು ಅಕ್ಷರವನ್ನು ತುಂಬಿದರೆ ಆಟವು ಮುಗಿಯಿತು. ಇದೇ ಆಟಕ್ಕೆ ಇನ್ನೊಂದು ರೂಪವುಂಟು. ಅದನ್ನು ಗೂಢ ಪದಬಂಧವೆನ್ನೋಣ. ಓದುವವರ ದಾರಿ ತಪ್ಪಿಸುವುದೇ ಅದರ ಕಸುಬು. ಆದರೂ ಅದರಲ್ಲಿ ಸುಳ್ಳಿಗೆ ಎಡೆಯಿಲ್ಲ. ಇದು ಹೇಗೆಂಬುದನ್ನು ವಾಚಕರೊಡನೆ ವಿಚಾರಮಾಡುವುದೇ ಈ ತಿಂಗಳ ಪುಟದ ಉದ್ದೇಶ.

1913ನೆಯ ಇಸವಿ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬವರು ಪ್ರಕಟಿಸಿದ ಪದಬಂಧದಿಂದ ಈ ಆಟವು ಪ್ರಚಾರಕ್ಕೆ ಬಂದಿತು. ಅದರ ಸುಳಿವುಗಳು ನೇರವಾದವು. ಗೂಢತೆಯು ಬೆಳೆದುದು ಇಂಗ್ಲೆಂಡಿನಲ್ಲಿ. ಅಲ್ಲಿಯ ‘ಅಬ್ಸರ್ವರ್’ ಪತ್ರಿಕೆಗೆ ಎಡ್ವರ್ಡ್ ಪೊವಿಸ್ ಮ್ಯಾಥರ್ಸ್ ಎಂಬವರು 1926ರಿಂದ 1939ರಲ್ಲಿ ತೀರಿಕೊಳ್ಳುವವರೆಗೂ ಪದಬಂಧಗಳನ್ನು ರಚಿಸಿಕೊಟ್ಟರು. ಅವರು ಇಟ್ಟುಕೊಂಡ ಹೆಸರು ಟಾರ್ಕ್ವೆಮಾಡ. ಇದು ಸ್ಪೇನ್ ದೇಶದಲ್ಲಿ ಚಿತ್ರಹಿಂಸೆಗೆ ಕುಖ್ಯಾತನಾದ ಧರ್ಮವಿಚಾರಣಾಧಿಕಾರಿಯ ಹೆಸರು. ಅವರ ಬಳಿಕ ಬಂದ ಡೆರಿಕ್ ಸಾಮರ್ಸೆಟ್ ಮ್ಯಾಕ್‌ನಟ್ ಎಂಬ ಉಪಾಧ್ಯಾಯರೂ ಅಂತಹ ಇನ್ನೊಬ್ಬ ಅಧಿಕಾರಿಯ ಹೆಸರನ್ನೇ ಆರಿಸಿ ‘ಝಿಮೆನೀಸ್’ ಎನಿಸಿಕೊಂಡರು. ಆದರೆ ಹಿಂಸೆಗೂ ಒಂದು ನ್ಯಾಯವಿರಬೇಕೆಂದು ಇವರು ಹಟಹಿಡಿದರು. 1966ರಲ್ಲಿ ಈ ಕಲೆಯನ್ನು ಕುರಿತು ಒಂದು ಗ್ರಂಥವನ್ನೂ ಪ್ರಕಟಿಸಿದರು.

ಆ ನ್ಯಾಯದ ಸಾರವಿಷ್ಟೆ: ಸುಳಿವಿನ ಒಂದು ತುದಿಯಲ್ಲಿ ಉತ್ತರದ ಅರ್ಥವಿರಬೇಕು, ಉಳಿದ ಭಾಗದಲ್ಲಿ ಅದರ ಅಕ್ಷರಗಳನ್ನು ಕೂಡಿಸುವ ಬಗೆಯಿರಬೇಕು, ಮೂರನೆಯದೇನೂ ಇರಕೂಡದು.

ನಮ್ಮ ನುಡಿಯಲ್ಲಿಯೇ ಪರೀಕ್ಷಿಸೋಣ. ‘ಬೇಸರದೊಳಗಿನ ಹಾರ’, ಎರಡು ಅಕ್ಷರ. ಬೇಸರವೆಂದೊಡನೆ ಮನಸ್ಸು ದುಃಖದ ಕಡೆಗೆ ಹೋಗುವುದು. ಆದರೆ ‘ಬೇಸರ’ವೆಂಬ ಪದದೊಳಗೆ ‘ಸರ’ವು ಕುಳಿತಿರುವುದು! ಇನ್ನೊಂದು: ‘ಮೊಸಳೆ! ಮರದ ನಡುವೆ ಕತ್ತಲೆಯ ಆರಂಭ’, ಮೂರು ಅಕ್ಷರ. ಸಂಜೆಯ ಭಯವನ್ನು ಮರೆತು ಅಕ್ಷರಗಳನ್ನು ನೋಡಿರಿ. ‘ಕತ್ತಲೆ’ಯ ಆರಂಭವು ‘ಕ’, ಅದನ್ನು ‘ಮರ’ದ ನಡುವೆ ಇಟ್ಟರೆ ‘ಮಕರ’, ಮಕರವೆಂದರೆ ಮೊಸಳೆ. ಒಗಟಿನಲ್ಲಿ ವಸ್ತುವು ವರ್ಣನೆಯಲ್ಲಿ ಅಡಗಿದರೆ, ಇಲ್ಲಿ ಅದು ಅರ್ಥದಲ್ಲಿ ಒಮ್ಮೆ, ಅಕ್ಷರದಲ್ಲಿ ಒಮ್ಮೆ ಅಡಗುವುದು. ಆದುದರಿಂದಲೇ ದೊರೆತ ಉತ್ತರವು ಸರಿಯೆಂದು ಬಿಡಿಸಿದವರೇ ನಿಶ್ಚಯಿಸಿಕೊಳ್ಳಬಹುದು, ಬೇರೆಯವರನ್ನು ಕೇಳಬೇಕಾಗಿಲ್ಲ.

ಈಗ ‘ಮೊಸಳೆ! ಹೊಳೆಯ ದಡದ ಮರದ ನಡುವೆ ಕತ್ತಲೆಯ ಆರಂಭ’ ಎಂದು ಬರೆದರೆ ಚಿತ್ರವು ಇನ್ನೂ ಚೆಲುವಾದೀತು, ನ್ಯಾಯವು ಕೆಟ್ಟೀತು. ಹೊಳೆಗೂ ದಡಕ್ಕೂ ಅಲ್ಲಿ ಕೆಲಸವಿಲ್ಲ. ಬಿಡಿಸುವವರು ಪ್ರತಿಯೊಂದು ಪದವನ್ನೂ ನಂಬಿ ತೂಗಿನೋಡುತ್ತಿರುವಾಗ, ಕೆಲಸವಿಲ್ಲದ ಪದವನ್ನು ಇಡುವುದು ನಂಬಿಕೆದ್ರೋಹವಲ್ಲವೆ?

ವಿಭಕ್ತಿಯ ವಿಷಯದಲ್ಲಿಯೂ ಹೀಗೆಯೇ. ‘ನದಿ, ಪ್ರಕಾಶಿಸು’ ಎಂದರೆ ಎರಡಕ್ಕೂ ‘ಹೊಳೆ’ಯೇ ಉತ್ತರ. ಕಿವಿಗೆ ಇಂಪಾಗಲೆಂದು ‘ನದಿಯೇ, ಪ್ರಕಾಶಿಸು’ ಎಂದರೆ ಮೊದಲ ಭಾಗಕ್ಕೆ ‘ಹೊಳೆಯೇ’ ಎಂದಾಗುವುದು, ಸುಳಿವು ಮುರಿದುಬೀಳುವುದು. ಲಿಪಿಯ ಭೇದವೂ ಉಂಟು. ಇಂಗ್ಲಿಷಿನಲ್ಲಿ ಸ್ವರವ್ಯಂಜನಗಳು ಬೇರೆಬೇರೆಯಾಗಿ ನಿಲ್ಲುವುದರಿಂದ ‘ಲಿಸನ್’ ಎಂಬುದರ ಆರು ಅಕ್ಷರಗಳನ್ನೇ ಕಲಸಿ ‘ಸೈಲೆಂಟ್’ ಎಂದು ಮಾಡಬಹುದು. ‘ಕೇಳು’ ಎಂಬುದು ‘ಮೌನ’ವಾಗುವುದು. ನಮ್ಮಲ್ಲಿ ಗುಣಿತವೂ ಒತ್ತೂ ಸೇರಿದ ಇಡೀ ಅಕ್ಷರವು ಒಂದೇ ಮನೆಯಲ್ಲಿ ವಾಸಿಸುವುದರಿಂದ ಅಂತಹ ಕಲಸಾಟವು ವಿರಳ. ಪದವನ್ನು ಒಡೆಯುವುದು, ಮಗುಚುವುದು, ಒಂದರೊಳಗೊಂದನ್ನು ಇಡುವುದು, ನಾನಾರ್ಥಗಳನ್ನು ಹೆಣೆಯುವುದು, ಇವೇ ನಮಗೆ ಒಗ್ಗುವ ಉಪಾಯಗಳು.

ಸುಳಿವನ್ನು ರಚಿಸುವವರು ಕೊನೆಗೆ ಸೋಲುವುದಕ್ಕಾಗಿಯೇ ಆಡುವರು. ಉತ್ತರವು ತಿಳಿದಾಗ ‘ಅಯ್ಯೋ, ಕಣ್ಣೆದುರಿಗೇ ಇತ್ತಲ್ಲ!’ ಎಂದು ಬಿಡಿಸುವವರು ನಕ್ಕರೆ ರಚಿಸಿದವರ ಶ್ರಮವು ಸಾರ್ಥಕ. ‘ಇದನ್ನು ಯಾರು ತಾನೆ ಊಹಿಸಿಯಾರು?’ ಎಂದು ಪತ್ರಿಕೆಯನ್ನು ಮಡಿಸಿಟ್ಟರೆ, ಆ ವಾಚಕರು ಮತ್ತೆ ಆ ಪುಟಕ್ಕೆ ಬರಲಾರರು. ಜಾಣತನವು ಒಂದು ದಿನ ಬೆರಗುಗೊಳಿಸೀತು. ಮಾರನೆಯ ತಿಂಗಳೂ ಕರೆತರುವುದು ನಂಬಿಕೆಯೊಂದೇ.

ಮನೆಮಂದಿಯೆಲ್ಲ ಕೂಡಿ ಬಿಡಿಸಲೆಂದು ಇದೊಂದು: ‘ಹಾರವನ್ನು ಮಗುಚಿದರೆ ಸಾರ’, ಎರಡು ಅಕ್ಷರ. ಉತ್ತರವನ್ನು ಇಲ್ಲಿ ಅಚ್ಚುಮಾಡುವ ಅಗತ್ಯವಿಲ್ಲ. ಸರಿಯಾದುದು ಹೊಳೆದಾಗ ಸುಳಿವೇ ಸಾಕ್ಷಿ ಹೇಳುವುದು.